ಶಿಕಾಗೋದಲ್ಲಿ ಅಪ್ಪ ಅಮ್ಮನ ಜೊತೆ ನಾಲ್ಕು ದಿನ: ಏನು ನೋಡಬೇಕು, ಏನು ಬಿಡಬೇಕು?

ಬೆಣ್ಣೆನಗರಿ ಹುಡುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಇಂಡಿಯಾನಾಪೊಲಿಸ್‌ನಲ್ಲಿ ಇದ್ದೇನೆ. ಊರು ದಾವಣಗೆರೆ. ಅಪ್ಪ ಅಮ್ಮ ಮೊದಲ ಸಲ ಅಮೆರಿಕಕ್ಕೆ ಬಂದಿದ್ದಾರೆ. ಜುಲೈ ಎರಡನೇ ವಾರ, ಗುರುವಾರದಿಂದ ಭಾನುವಾರದ ತನಕ, ಶಿಕಾಗೋಗೆ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದೇನೆ.

ಅಪ್ಪನಿಗೆ 71. ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದರು. ಭದ್ರಾ ನಾಲೆಯ ಮೇಲೆ ಓಡಾಡಿಯೇ ಅರ್ಧ ಆಯುಸ್ಸು ಕಳೆದವರು. ಚೆನ್ನಾಗಿ ನಡೆಯುತ್ತಾರೆ. ಅಮ್ಮನಿಗೆ 66. ಮೊಣಕಾಲು ನೋವು. ಅರ್ಧ ಗಂಟೆಗಿಂತ ಜಾಸ್ತಿ ನಿಂತರೆ ಕಷ್ಟ. ಆದರೆ ಬಾಯಿ ಬಿಟ್ಟು ಹೇಳುವುದಿಲ್ಲ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ.

ನಾನು ಮಾಡಿದ ಪಟ್ಟಿ ಇದು: ವಿಲ್ಲಿಸ್ ಟವರ್, ಹ್ಯಾನ್‌ಕಾಕ್ ಕಟ್ಟಡದ ಮೇಲಿನ 360 ಶಿಕಾಗೋ, ಬೀನ್ ಅನ್ನುವ ಸ್ಟೀಲ್ ಶಿಲ್ಪ, ನೇವಿ ಪಿಯರ್, ಶೆಡ್ ಅಕ್ವೇರಿಯಂ, ಫೀಲ್ಡ್ ಮ್ಯೂಸಿಯಂ, ಆ್ಯಡ್ಲರ್ ತಾರಾಲಯ, ಆರ್ಟ್ ಇನ್‌ಸ್ಟಿಟ್ಯೂಟ್, ವಿಜ್ಞಾನ ಮ್ಯೂಸಿಯಂ, ಲಿಂಕನ್ ಪಾರ್ಕ್ ಮೃಗಾಲಯ, ನದಿಯಲ್ಲಿ ದೋಣಿ ಸವಾರಿ, ಡೀಪ್ ಡಿಶ್ ಪಿಜ್ಜಾ, ನಮ್ಮವರ ಅಂಗಡಿ ಹೋಟೆಲುಗಳಿರುವ ಡೆವಾನ್ ಅವೆನ್ಯೂ, ಲೆಮಾಂಟ್ ದೇವಸ್ಥಾನ. ಐದು ಜಾಗಕ್ಕೆ ಸೇರಿಸಿ ಒಂದೇ ಪಾಸ್ ಸಿಗುತ್ತದಂತೆ, ಸ್ವಲ್ಪ ಅಗ್ಗ. ತೆಗೆದುಕೊಳ್ಳಲಾ? ಇದೆಲ್ಲ ನಾಲ್ಕು ದಿನದಲ್ಲಿ ಆಗುತ್ತದಾ? ಅವರು ಮತ್ತೆ ಯಾವಾಗ ಬರುತ್ತಾರೋ ಗೊತ್ತಿಲ್ಲ. ಏನೂ ತಪ್ಪಿಸಬಾರದು ಅಂತ ಆಸೆ.

ಲೂಪ್ ರೈಲು

ಕಾರಿನ ವಿಷಯ ಮೊದಲು ಹೇಳುತ್ತೇನೆ. ಊರ ನಡುವೆ ಹೋಟೆಲ್ ಹಿಡಿದರೆ ಕಾರು ನಿಲ್ಲಿಸುವುದಕ್ಕೇ ದಿನಕ್ಕೆ ದೊಡ್ಡ ಮೊತ್ತ ಕೊಡಬೇಕು. ನಾನು ಓಹೇರ್ ವಿಮಾನ ನಿಲ್ದಾಣದ ಹತ್ತಿರ ರೋಸ್‌ಮಾಂಟ್‌ನಲ್ಲಿ ಉಳಿಯುತ್ತೇನೆ. ಅಲ್ಲಿಂದ ಬ್ಲೂ ಲೈನ್ ರೈಲು. ಸುಮಾರು 40 ನಿಮಿಷದಲ್ಲಿ ಊರ ನಡುವೆ ಇಳಿಯಬಹುದು. ಆದರೆ ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇಲ್ಲ. ಅಮ್ಮನ ಕಾಲಿಗಾಗಿ ಯಾವ ನಿಲ್ದಾಣದಲ್ಲಿ ಇದೆ ಅಂತ ನಕ್ಷೆಯಲ್ಲಿ ಮೊದಲೇ ನೋಡಿಕೊಳ್ಳಿ. ಕಾರಿನೊಳಗೆ ಕಾಣುವಂತೆ ಬ್ಯಾಗ್ ಬಿಡಬೇಡಿ. ರಾತ್ರಿ ತುಂಬಾ ತಡವಾದರೆ ರೈಲು ಬೇಡ, ಟ್ಯಾಕ್ಸಿ ಮಾಡಿ.

ನಿಮ್ಮ ಊರಿಗಿಂತ ಶಿಕಾಗೋ ಗಡಿಯಾರ ಒಂದು ಗಂಟೆ ಹಿಂದೆ. ಬೆಳಿಗ್ಗೆ 7ಕ್ಕೆ ಹೊರಟರೆ ಅಲ್ಲಿಯ 9ಕ್ಕೆ ತಲುಪುತ್ತೀರಿ.

ನೇಪರ್ವಿಲ್ ಅಕ್ಕ

ತಮ್ಮಾ, ನಿಮ್ಮ ಪಟ್ಟಿ ನೋಡಿ ನನ್ನ ಹಳೆಯ ಪಟ್ಟಿಯೇ ನೋಡಿದ ಹಾಗಾಯಿತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಾನು ಇಲ್ಲಿ 18 ವರ್ಷದಿಂದ ಇದ್ದೇನೆ. 2011ರಲ್ಲಿ ಅಪ್ಪ ಅಮ್ಮ ತಿಪಟೂರಿನಿಂದ ಮೊದಲ ಸಲ ಬಂದರು. ನಾನೂ ಅಂಥದ್ದೇ ಪಾಸ್ ತೆಗೆದುಕೊಂಡೆ. ದುಡ್ಡು ಕೊಟ್ಟಿದ್ದೇನೆ, ಐದೂ ಮುಗಿಸಬೇಕು ಅಂತ ಮೂರು ದಿನ ಅವರನ್ನು ಓಡಿಸಿದೆ. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದರು. ಪ್ರತಿ ಜನವರಿ 12ಕ್ಕೆ ಶಾಲೆಯಲ್ಲಿ ವಿವೇಕಾನಂದರ ಬಗ್ಗೆ ಅವರದೇ ಭಾಷಣ. ಶಿಕಾಗೋ ಅಂದರೆ ಅವರ ಮನಸ್ಸಿನಲ್ಲಿ ಇದ್ದದ್ದು ಅದೊಂದೇ ಕಟ್ಟಡ. ಅದನ್ನು ನಾನು ಕೊನೆಗೆ ಇಟ್ಟಿದ್ದೆ. ಮೂರನೇ ದಿನ ಆರ್ಟ್ ಇನ್‌ಸ್ಟಿಟ್ಯೂಟ್ ಮುಂದೆ ಬಂದಾಗ ಬಾಗಿಲು ಮುಚ್ಚುವ ಹೊತ್ತು. ಒಳಗೆ ಬಿಡಲಿಲ್ಲ. ಅಪ್ಪ ಆ ಎರಡು ಕಂಚಿನ ಸಿಂಹಗಳ ನಡುವೆ ನಿಂತು, "ಹೊರಗಿಂದ ನೋಡಿದೆನಲ್ಲ, ಸಾಕು ಬಿಡಮ್ಮ" ಅಂದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

2015ರಲ್ಲಿ ಮತ್ತೆ ಬಂದರು. ಆಗ ದಿನಕ್ಕೆ ಒಂದೇ ಜಾಗ ಅಂತ ಇಟ್ಟುಕೊಂಡೆ. ಬೆಳಿಗ್ಗೆ ಒಂದು ಜಾಗ, ಸಂಜೆ ಸುಮ್ನೆ ಎಲ್ಲಾದರೂ ಕೂರುವುದು. ನಿಮಗೂ ಅದನ್ನೇ ಹೇಳುತ್ತೇನೆ. ಪಾಸ್ ಬೇಡ. ಪಾಸ್ ತೆಗೆದುಕೊಂಡರೆ ಅದು ನಮ್ಮನ್ನು ಎಳೆದುಕೊಂಡು ಹೋಗುತ್ತದೆ.

ಗುರುವಾರ: ತಲುಪಿದ ದಿನ ನದಿ ಮಾತ್ರ. ನಿಮ್ಮ ತಂದೆ ನೀರಾವರಿಯವರು ಅಂದಿರಲ್ಲ, ಅವರಿಗೆ ಈ ಊರಿನಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ ಇದೇ. ಶಿಕಾಗೋ ನದಿ ಮೊದಲು ಮಿಶಿಗನ್ ಸರೋವರಕ್ಕೆ ಹರಿಯುತ್ತಿತ್ತು. ಊರಿನ ಕೊಳಚೆಯೆಲ್ಲ ನದಿಗೆ, ನದಿ ಸರೋವರಕ್ಕೆ, ಕುಡಿಯುವ ನೀರೂ ಅದೇ ಸರೋವರದಿಂದ. ಜನ ಕಾಯಿಲೆ ಬಿದ್ದು ಸಾಯುತ್ತಿದ್ದರು. ಅದಕ್ಕೆ 28 ಮೈಲಿ ಉದ್ದದ ನಾಲೆ ಅಗೆದು, 1900ರಲ್ಲಿ ನದಿಯನ್ನೇ ಹಿಂದಕ್ಕೆ ಹರಿಯುವ ಹಾಗೆ ಮಾಡಿದರು. ಈಗ ಅದು ಸರೋವರದಿಂದ ಹೊರಟು, ಬೇರೆ ನದಿಗಳನ್ನು ಸೇರಿ ಮಿಸಿಸಿಪ್ಪಿ ಕಡೆ ಹೋಗುತ್ತದೆ.

ದೋಣಿಯಲ್ಲಿ ಎರಡು ಥರ ಇದೆ. ಬರೀ ನದಿಯಲ್ಲಿ 90 ನಿಮಿಷ ಹೋಗಿ ಕಟ್ಟಡಗಳ ಕಥೆ ಹೇಳುವುದು ಒಂದು. ಎಲ್ಲರೂ ಹೊಗಳುವುದು ಅದನ್ನೇ. ನದಿಯ ಜೊತೆ ಸರೋವರಕ್ಕೂ ಹೋಗುವುದು ಇನ್ನೊಂದು. ನೀವು ಎರಡನೆಯದು ಹಿಡಿಯಿರಿ. ಯಾಕೆಂದರೆ ಅದು ನೇವಿ ಪಿಯರ್ ಪಕ್ಕದ ಲಾಕ್ ಮೂಲಕ ಹೋಗುತ್ತದೆ. ಸರೋವರದ ನೀರಿನ ಮಟ್ಟ ಸಾಮಾನ್ಯವಾಗಿ ನದಿಗಿಂತ ಕೆಲವು ಅಡಿ ಮೇಲೆ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಗೇಟು ಮುಚ್ಚಿ, ನೀರು ಬಿಟ್ಟು, ದೋಣಿಯನ್ನು ಮೇಲಕ್ಕೆ ಎತ್ತುತ್ತಾರೆ. ಆಮೇಲೆ ಮುಂದಿನ ಗೇಟು ತೆಗೆಯುತ್ತಾರೆ. ನಿಮ್ಮ ತಂದೆಯನ್ನು ಅಂಚಿನ ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಮೇಲೆ ನೀರು ಏರುವುದು ಕಾಣುತ್ತದೆ. ದೋಣಿಗೆ ರಸ್ತೆಯಿಂದ ಮೆಟ್ಟಿಲು ಇಳಿಯಬೇಕು. ಟಿಕೆಟ್ ಮಾಡುವಾಗಲೇ ಮೆಟ್ಟಿಲಿಲ್ಲದ ದಾರಿ ಕೇಳಿಕೊಳ್ಳಿ. ಅಮ್ಮನಿಗೆ ಶಾಲು ಇರಲಿ. ಜುಲೈನಲ್ಲೂ ಸರೋವರದ ಗಾಳಿ ಚಳಿ ಹುಟ್ಟಿಸುತ್ತದೆ.

ಇನ್ನೊಂದು. ಮಿಶಿಗನ್ ಸರೋವರ 300 ಮೈಲಿಗಿಂತ ಉದ್ದ. ಆಚೆ ದಡ ಕಾಣುವುದಿಲ್ಲ, ಅಲೆಯೂ ಬರುತ್ತದೆ. ಎಷ್ಟು ಹೇಳಿದರೂ ನಮ್ಮಮ್ಮ ಸಮುದ್ರ ಅಂತಲೇ ನಂಬಿದ್ದರು. ಕೊನೆಗೆ ಬೊಗಸೆಯಲ್ಲಿ ನೀರು ತೆಗೆದು ನಾಲಿಗೆಗೆ ಮುಟ್ಟಿಸಿಕೊಂಡು, "ಸಿಹಿ ನೀರು ಕಣೇ!" ಅಂದರು. ಊರಿಗೆ ಹೋದ ಮೇಲೂ ಎಲ್ಲರಿಗೂ ಹೇಳಿದ್ದು ಇದನ್ನೇ.

ಶುಕ್ರವಾರ: ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಆರ್ಟ್ ಇನ್‌ಸ್ಟಿಟ್ಯೂಟ್. ವಾರದಲ್ಲಿ ಕೆಲವು ದಿನ ರಜೆ ಇರುತ್ತದೆ, ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಟಿಕೆಟ್ ಕೌಂಟರ್ ಹತ್ತಿರವೇ ಗಾಲಿಕುರ್ಚಿ ಕೊಡುತ್ತಾರೆ, ಅದಕ್ಕೆ ದುಡ್ಡಿಲ್ಲ. ಅಮ್ಮ ಬೇಡ ಅನ್ನುತ್ತಾರೆ. ನಮ್ಮಪ್ಪನೂ ಬೇಡ ಅಂದರು. "ನಾನೇನು ರೋಗೀನಾ?" ಅಂತ ಬೇಜಾರು ಮಾಡಿಕೊಂಡರು. ಆಗ ನನ್ನ ಮಗ, ಅವನಿಗೆ ಎಂಟು ವರ್ಷ, "ತಾತ, ನಾನು ತಳ್ಳಬೇಕು" ಅಂದ. ಕೂತುಬಿಟ್ಟರು. ನಿಮ್ಮ ಬ್ಯಾಗು, ನೀರಿನ ಬಾಟಲಿ ಕುರ್ಚಿಯಲ್ಲಿಟ್ಟು ತಳ್ಳಿಕೊಂಡು ಹೋಗಿ. ಅರ್ಧ ಗಂಟೆ ಆದ ಮೇಲೆ ಅಮ್ಮ ತಾವೇ ಕೂರುತ್ತಾರೆ.

ಈ ಕಟ್ಟಡ 1893ರ ವಿಶ್ವಮೇಳದ ಸಮಯದಲ್ಲಿ ಕಟ್ಟಿದ್ದು. ಸರ್ವಧರ್ಮ ಸಮ್ಮೇಳನ ನಡೆದದ್ದು ಇಲ್ಲೇ. ಸೆಪ್ಟೆಂಬರ್ 11ರಂದು ಸ್ವಾಮೀಜಿ ಮಾತಾಡಿದ ಆ ತಾತ್ಕಾಲಿಕ ಸಭಾಂಗಣ ಈಗ ಇಲ್ಲ. ಒಳಗೆ ಫುಲ್ಲರ್ಟನ್ ಹಾಲ್ ಅಂತ ಇದೆ, ಜನ ನೆನಪಿಗೆ ಹೋಗಿ ನಿಲ್ಲುವುದು ಅಲ್ಲಿ. ಹೊರಗೆ ಮಿಶಿಗನ್ ಅವೆನ್ಯೂದಲ್ಲಿ ಸ್ವಾಮಿ ವಿವೇಕಾನಂದ ವೇ ಅನ್ನುವ ಬೋರ್ಡ್ ಕೂಡ ಇದೆ. ನಾವು ಹೋದ ದಿನ ಹಾಲ್ ಮುಚ್ಚಿತ್ತು. ಅಪ್ಪ ಅದರ ಹತ್ತಿರವೇ ಕೂತು ನನ್ನ ಮಗನಿಗೆ ಪೂರ್ತಿ ಕಥೆ ಹೇಳಿದರು. 1892ರಲ್ಲಿ ಮೈಸೂರಿಗೆ ಬಂದು ಚಾಮರಾಜೇಂದ್ರ ಒಡೆಯರನ್ನು ಕಂಡದ್ದು. ಜುಲೈ ಕೊನೆಗೆ ಶಿಕಾಗೋ ತಲುಪಿದರೆ ಸಮ್ಮೇಳನ ಸೆಪ್ಟೆಂಬರ್‌ಗೆ ಅಂತ ಗೊತ್ತಾದದ್ದು. ಈ ಊರಿನ ಖರ್ಚು ತಡೆಯಲಾರದೆ ಬಾಸ್ಟನ್ ಕಡೆಗೆ ಹೋದದ್ದು. ನಾನು ಚಿಕ್ಕವಳಿದ್ದಾಗ ಎಷ್ಟೋ ಸಲ ಕೇಳಿದ ಕಥೆ. ಆ ಜಾಗದಲ್ಲಿ ಕೂತು ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ. ಅಪ್ಪ 2019ರಲ್ಲಿ ತೀರಿಕೊಂಡರು. ಮಗನಿಗೆ ಆ ಕಥೆ ಇಂದಿಗೂ ಬಾಯಿಪಾಠ.

ನಿಮ್ಮ ಅಮ್ಮ ದಸರಾಕ್ಕೆ ಗೊಂಬೆ ಕೂರಿಸುವವರಾ? ಹಾಗಿದ್ದರೆ ಕೆಳಗಿನ ಮಹಡಿಯ ಥಾರ್ನ್ ಪುಟಾಣಿ ಕೋಣೆಗಳನ್ನು ತಪ್ಪಿಸಬೇಡಿ. 68 ಕೋಣೆಗಳಿವೆ. ಒಂದು ಅಡಿಗೆ ಒಂದು ಅಂಗುಲ ಲೆಕ್ಕದಲ್ಲಿ ಹಳೆ ಕಾಲದ ಮನೆಗಳನ್ನು ಹಾಗೇ ಮಾಡಿಟ್ಟಿದ್ದಾರೆ. ಕುರ್ಚಿ, ದೀಪ, ಕಂಬಳಿ, ಕಿಟಕಿಯಾಚೆ ತೋಟ, ಎಲ್ಲ ಉಂಟು. ನಮ್ಮಮ್ಮ ಒಂದೊಂದರ ಮುಂದೂ ನಿಂತುಬಿಟ್ಟರು. ಮೇಲೆ ಸರಾ ಎಂಬ ಫ್ರೆಂಚ್ ಕಲಾವಿದ ಬರೀ ಚುಕ್ಕಿಗಳಿಂದ ಬಿಡಿಸಿದ ನದಿ ದಡದ ಭಾನುವಾರದ ಚಿತ್ರ ಇದೆ. ಅದರ ಎದುರು ಅಮ್ಮನನ್ನು ಸ್ವಲ್ಪ ಹೊತ್ತು ಇರಲು ಬಿಡಿ. ಚುಕ್ಕಿ ರಂಗೋಲಿ ಹಾಕುವ ಕೈಗೆ ಆ ಚಿತ್ರ ಬೇಗ ಅರ್ಥವಾಗುತ್ತದೆ. ಉಳಿದದ್ದನ್ನು ಬಿಡಿ. ಇಡೀ ಮ್ಯೂಸಿಯಂ ನೋಡುತ್ತೇವೆ ಅಂತ ಹೊರಟರೆ ಎರಡು ದಿನವೂ ಸಾಲದು.

ಮಧ್ಯಾಹ್ನ ಕೋಣೆಗೆ ಹೋಗಿ ಮಲಗಿ. ಇದು ಮುಖ್ಯ. ಸಂಜೆ ಮೊಸರನ್ನ, ಚಪಾತಿ ಪಲ್ಯ ಬುತ್ತಿ ಕಟ್ಟಿಕೊಂಡು, ಒಂದು ಜಮಖಾನ ತೆಗೆದುಕೊಂಡು ಮಿಲೇನಿಯಂ ಪಾರ್ಕಿಗೆ ಬನ್ನಿ. ಬೇಸಿಗೆಯಲ್ಲಿ ಬುಧವಾರ, ಶುಕ್ರವಾರ, ಶನಿವಾರ ಸಂಜೆ ಅಲ್ಲಿ ದೊಡ್ಡ ವಾದ್ಯಗೋಷ್ಠಿ ಇರುತ್ತದೆ. ಹುಲ್ಲಿನ ಮೇಲೆ ಕೂತು ಕೇಳಲು ದುಡ್ಡಿಲ್ಲ. ಅಮ್ಮನಿಗೆ ನೆಲಕ್ಕೆ ಕೂರಲು ಆಗದಿದ್ದರೆ ಮಡಚುವ ಕುರ್ಚಿ ತನ್ನಿ. ಬೀನ್ ಅಲ್ಲೇ ಪಕ್ಕದಲ್ಲಿದೆ. ಅದರ ನಿಜವಾದ ಹೆಸರು ಕ್ಲೌಡ್ ಗೇಟ್, ಮಾಡಿದವರು ಮುಂಬೈಯಲ್ಲಿ ಹುಟ್ಟಿದ ಅನಿಶ್ ಕಪೂರ್. 168 ಸ್ಟೀಲ್ ಹಾಳೆಗಳನ್ನು ಬೆಸೆದಿದ್ದಾರೆ, ಒಂದು ಕಡೆಯೂ ಬೆಸುಗೆ ಕಾಣುವುದಿಲ್ಲ. ಹತ್ತಿರದಲ್ಲೇ ಎರಡು 50 ಅಡಿ ಗೋಪುರಗಳು. ಅವುಗಳ ಮೇಲೆ ಊರಿನ ಜನರ ಮುಖ ಬರುತ್ತದೆ, ಬಾಯಿಂದ ನೀರು ಚಿಮ್ಮುತ್ತದೆ. ಮಕ್ಕಳು ನೆನೆಯುವುದನ್ನು ನೋಡುತ್ತಾ ಎಷ್ಟು ಹೊತ್ತು ಬೇಕಾದರೂ ಕೂರಬಹುದು.

ಶೌಚಾಲಯದ ಚಿಂತೆ ಹಿರಿಯರಿಗೆ ಜಾಸ್ತಿ, ಅವರು ಹೇಳುವುದೂ ಇಲ್ಲ. ಪಾರ್ಕಿನ ಎದುರಿಗೇ ಶಿಕಾಗೋ ಕಲ್ಚರಲ್ ಸೆಂಟರ್ ಇದೆ. 1897ರಲ್ಲಿ ಗ್ರಂಥಾಲಯವಾಗಿ ಕಟ್ಟಿದ್ದು. ಪ್ರವೇಶಕ್ಕೆ ದುಡ್ಡಿಲ್ಲ, ಒಳಗೆ ಶೌಚಾಲಯ ಇದೆ, ಕೂರಲು ಜಾಗ ಇದೆ. ಮೇಲೆ ಬಣ್ಣದ ಗಾಜಿನ ಗುಮ್ಮಟ, 38 ಅಡಿ ಅಗಲ. ದುಡ್ಡು ಕೊಟ್ಟು ನೋಡಿದ ಎಷ್ಟೋ ಜಾಗಕ್ಕಿಂತ ಇದು ಚೆಂದ.

ಶನಿವಾರ: ಎತ್ತರದ ಕಟ್ಟಡ ಒಂದೇ ಸಾಕು, ಎರಡು ಬೇಡ. ನಿಮ್ಮ ತಂದೆಗಾಗಿ ವಿಲ್ಲಿಸ್ ಟವರ್. 110 ಮಹಡಿ, 442 ಮೀಟರ್. ಸುಮಾರು 25 ವರ್ಷ ಜಗತ್ತಿನ ಅತಿ ಎತ್ತರದ ಕಟ್ಟಡ ಅದೇ ಆಗಿತ್ತು. ಅದು ನಿಲ್ಲುವ ಹಾಗೆ ಲೆಕ್ಕ ಹಾಕಿದ ಇಂಜಿನಿಯರ್ ಢಾಕಾದ ಫಜ್ಲುರ್ ರೆಹಮಾನ್ ಖಾನ್. ಗಾಳಿ ತಡೆಯಲು ಒಂಬತ್ತು ಚೌಕದ ಕೊಳವೆಗಳನ್ನು ಕಬ್ಬಿನ ಹೊರೆ ಕಟ್ಟಿದ ಹಾಗೆ ಕಟ್ಟಿದ್ದಾರೆ. 50ನೇ ಮಹಡಿಗೆ ಎರಡು ನಿಲ್ಲುತ್ತವೆ, 66ಕ್ಕೆ ಇನ್ನೆರಡು, 90ಕ್ಕೆ ಮೂರು. ಕೊನೆಯ ಎರಡು ಮಾತ್ರ ತುದಿಗೆ ಹೋಗುತ್ತವೆ. ಇದನ್ನು ರಸ್ತೆಯಲ್ಲಿ ನಿಂತು ಮೊದಲು ತೋರಿಸಿ, ಆಮೇಲೆ 103ನೇ ಮಹಡಿಗೆ ಹೋಗಿ. ಬೆಳಿಗ್ಗೆ ಮೊದಲ ಸರದಿಗೆ ಹೋಗಿ, ಇಲ್ಲದಿದ್ದರೆ ಸಾಲಿನಲ್ಲಿ ನಿಂತೇ ಅಮ್ಮ ಸುಸ್ತಾಗುತ್ತಾರೆ. ಮೋಡ ಮುಚ್ಚಿದ್ದರೆ ಹೋಗಬೇಡಿ, ಏನೂ ಕಾಣುವುದಿಲ್ಲ.

ಸಂಜೆ ಆ್ಯಡ್ಲರ್ ತಾರಾಲಯದ ಹೊರಗೆ, ನೀರಿನ ಅಂಚಿಗೆ ಹೋಗಿ ಕೂರಿ. ಒಳಗೆ ಹೋಗದಿದ್ದರೂ ಪರವಾಗಿಲ್ಲ. ಇಡೀ ಊರು ಒಂದೇ ಸಾಲಿನಲ್ಲಿ ಎದುರಿಗೆ ಕಾಣುತ್ತದೆ. ಸೂರ್ಯ ಕಟ್ಟಡಗಳ ಹಿಂದೆ ಇಳಿಯುತ್ತಾನೆ, ಆಮೇಲೆ ಒಂದೊಂದೇ ದೀಪ ಹತ್ತುತ್ತದೆ.

ಭಾನುವಾರ: ಲೆಮಾಂಟ್ ದೇವಸ್ಥಾನ. ರಾಮನ ಗುಡಿ ಇದೆ, ಶಿವ ಗಣಪತಿಯರ ಗುಡಿಯೂ ಇದೆ, ಪಕ್ಕದ ದಿಬ್ಬದ ಮೇಲೆ ವಿವೇಕಾನಂದರ ಪ್ರತಿಮೆ ಇದೆ. ಊಟ ಮಾಡಿ ಅಲ್ಲಿಂದಲೇ ನಿಮ್ಮ ಊರಿನ ದಾರಿ ಹಿಡಿಯಬಹುದು.

ಅಕ್ವೇರಿಯಂ, ಫೀಲ್ಡ್ ಮ್ಯೂಸಿಯಂ, ಮೃಗಾಲಯ ಬಿಡಿ. ಚೆನ್ನಾಗಿಲ್ಲ ಅಂತಲ್ಲ. ಚಿಕ್ಕ ಮಕ್ಕಳಿದ್ದರೆ ಅವನ್ನೇ ಮೊದಲು ಹೇಳುತ್ತಿದ್ದೆ. ಡೀಪ್ ಡಿಶ್ ಪಿಜ್ಜಾ ಒಮ್ಮೆ ತಿನ್ನಲಿ, ಪಾಲಕ್ ಹಾಕಿದ್ದು ಸಿಗುತ್ತದೆ. ಬೇಯಲು ಮುಕ್ಕಾಲು ಗಂಟೆ ಹಿಡಿಯುತ್ತದೆ, ಹಸಿದು ಹೋಗಬೇಡಿ. ಒಬ್ಬರಿಗೆ ಒಂದು ತುಂಡು ಸಾಕು.

ಹೈಡ್‌ಪಾರ್ಕ್ ಹಳಬ

ಅಕ್ಕನವರು ಎಲ್ಲ ಹೇಳಿದ್ದಾರೆ. ಒಂದು ಸೇರಿಸುತ್ತೇನೆ. ದಾವಣಗೆರೆ ಕಡೆಯವರು ಅಂದಿರಿ. ತಾಯಿ ತಂದೆಗೆ ವಚನಗಳ ಒಲವು ಇದ್ದರೆ ಅರ್ಧ ದಿನ ದಕ್ಷಿಣದ ಹೈಡ್ ಪಾರ್ಕಿಗೆ ಬನ್ನಿ. ನಮ್ಮ ಎ.ಕೆ. ರಾಮಾನುಜನ್ ಸುಮಾರು ಮೂರು ದಶಕ ಪಾಠ ಮಾಡಿದ ಶಿಕಾಗೋ ವಿಶ್ವವಿದ್ಯಾಲಯ ಇಲ್ಲೇ ಇದೆ. ಮೈಸೂರಿನಲ್ಲಿ ಹುಟ್ಟಿ, 1993ರಲ್ಲಿ ಈ ಊರಿನಲ್ಲೇ ತೀರಿಕೊಂಡರು. ಬಸವಣ್ಣ, ಅಕ್ಕಮಹಾದೇವಿ, ಅಲ್ಲಮರ ವಚನಗಳನ್ನು ಅವರು ಇಂಗ್ಲಿಷಿಗೆ ತಂದಿದ್ದರಿಂದ ಜಗತ್ತಿನ ಎಷ್ಟೋ ಓದುಗರಿಗೆ ಅವು ತಲುಪಿದವು. ಅವರ ಹೆಸರಿನ ದೊಡ್ಡ ಸ್ಮಾರಕ ಹುಡುಕಬೇಡಿ. ಬಳ್ಳಿ ಹಬ್ಬಿದ ಕಲ್ಲಿನ ಕಟ್ಟಡಗಳು, ಹುಲ್ಲಿನ ಅಂಗಳ, ಮರದ ಕೆಳಗೆ ಬೆಂಚು. ಇದೇ ದಾರಿಯಲ್ಲಿ ಅವರು ಓಡಾಡಿದ್ದು. ನಾನು ಓದುವಾಗ ಊರು ನೆನಪಾದರೆ ಅಲ್ಲಿ ಹೋಗಿ ಕೂರುತ್ತಿದ್ದೆ.

ಅಲ್ಲೇ ಎಲ್ಲಿಸ್ ಅವೆನ್ಯೂದಲ್ಲಿ ಹೆನ್ರಿ ಮೂರ್ ಮಾಡಿದ ಕಂಚಿನ ಶಿಲ್ಪ ಇದೆ. 1942ರ ಡಿಸೆಂಬರ್ 2ರಂದು ವಿಜ್ಞಾನಿ ಎನ್ರಿಕೊ ಫರ್ಮಿ ತಂಡ ಮೊದಲ ಸಲ ಅಣು ಸರಪಳಿ ಕ್ರಿಯೆ ನಡೆಸಿದ ಜಾಗ ಅದು. ತಂದೆಯವರಿಗೆ ತೋರಿಸಿ.

ಬೆಣ್ಣೆನಗರಿ ಹುಡುಗ

ಹೋಗಿ ಬಂದೆವು. ಹೇಳದೆ ಇರಲಾರೆ.

ಅಕ್ಕಾ, ಪಾಸ್ ತೆಗೆದುಕೊಳ್ಳಲಿಲ್ಲ. ಲಾಕ್‌ನಲ್ಲಿ ದೋಣಿ ಏರುವಾಗ ಅಪ್ಪ ಕುರ್ಚಿಯಿಂದ ಎದ್ದು ಕಂಬಿ ಹಿಡಿದು ನಿಂತರು. ಗೋಡೆಯ ಮೇಲಿನ ಗೆರೆ ನೋಡಿ ಎಷ್ಟು ಅಂಗುಲ ಏರಿತು ಅಂತ ಎಣಿಸುತ್ತಿದ್ದರು. ಆಮೇಲೆ ರಾತ್ರಿ ಊಟಕ್ಕೆ ಕೂತಾಗ ಕಾಗದದ ಮೇಲೆ ಗೇಟು ಬರೆದು, ಭದ್ರಾ ನಾಲೆಯ ತೂಬಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ಒಂದು ಗಂಟೆ ವಿವರಿಸಿದರು. ಅವರ ಕೆಲಸದ ಬಗ್ಗೆ ಇಷ್ಟು ಮಾತು ನಾನು ಕೇಳಿಯೇ ಇರಲಿಲ್ಲ. ಆ ಕಾಗದ ಎತ್ತಿಟ್ಟಿದ್ದೇನೆ.

ಗಾಲಿಕುರ್ಚಿ ಉಪಾಯ ಕೆಲಸ ಮಾಡಿತು, ಅರ್ಧ ಗಂಟೆಯೂ ಬೇಕಾಗಲಿಲ್ಲ. ಪುಟಾಣಿ ಕೋಣೆಗಳ ಮುಂದೆ ಮಾತ್ರ ಅಮ್ಮ ಕುರ್ಚಿ ಬಿಟ್ಟು ಎದ್ದರು. ಈ ಸಲದ ದಸರಾಕ್ಕೆ ಒಂದು ಅಡುಗೆಮನೆ ಮಾಡುತ್ತಾರಂತೆ, ಬೆಂಕಿಪೊಟ್ಟಣದ ಒಲೆ ಇಟ್ಟು. ಶನಿವಾರ ಮೋಡ ಇತ್ತು. ಟವರ್ ಬಿಟ್ಟು ಹೈಡ್ ಪಾರ್ಕಿಗೆ ಹೋದೆವು. ಅಮ್ಮ ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿ ಅಕ್ಕಮಹಾದೇವಿಯ ಎರಡು ವಚನ ಹೇಳಿದರು. ಪಕ್ಕದಲ್ಲಿ ಓದುತ್ತಿದ್ದ ಹುಡುಗಿ ಪುಸ್ತಕ ಮುಚ್ಚಿ ಕೇಳುತ್ತಾ ಕೂತಳು.

ಅವರು ಸೆಪ್ಟೆಂಬರ್‌ನಲ್ಲಿ ಊರಿಗೆ ಹೋಗುತ್ತಾರೆ. ಓಹೇರ್‌ನಿಂದಲೇ ವಿಮಾನ, ರಾತ್ರಿ ಹೊತ್ತು. ಹಗಲು ಪೂರ್ತಿ ಖಾಲಿ ಇದೆ. ಸಾಮಾನು ಕಾರಿನಲ್ಲಿರುತ್ತದೆ. ಹತ್ತಿರದಲ್ಲಿ ಏನಾದರೂ ಇದೆಯಾ?

ನೇಪರ್ವಿಲ್ ಅಕ್ಕ

ಓದಿ ಕಣ್ಣು ತುಂಬಿತು ತಮ್ಮಾ. ನಿಮ್ಮ ತಂದೆಯ ಆ ಕಾಗದಕ್ಕೆ ಫ್ರೇಮ್ ಹಾಕಿಸಿ.

ವಿಲ್ಮೆಟ್‌ನ ಬಹಾಯಿ ಮಂದಿರಕ್ಕೆ ಕರೆದುಕೊಂಡು ಹೋಗಿ. ಓಹೇರ್‌ನಿಂದ ಅರ್ಧ ಮುಕ್ಕಾಲು ಗಂಟೆ ದಾರಿ. ಒಂಬತ್ತು ಮುಖದ ಬಿಳಿ ಗುಮ್ಮಟ, ಸುತ್ತಲೂ ತೋಟ, ಕಾರಂಜಿ. ಎಲ್ಲ ಧರ್ಮದವರೂ ಒಳಗೆ ಕೂರಬಹುದು. ಸರೋವರ ಪಕ್ಕದಲ್ಲೇ ಇದೆ. ಸಾಮಾನನ್ನು ಮುಂಚೆಯೇ ಡಿಕ್ಕಿಗೆ ಹಾಕಿಬಿಡಿ, ಸೀಟಿನ ಮೇಲೆ ಏನೂ ಕಾಣಬಾರದು. ಮಧ್ಯಾಹ್ನದ ಊಟಕ್ಕೆ ಡೆವಾನ್ ಅವೆನ್ಯೂ, ಬರುವ ದಾರಿಯಿಂದ ಸ್ವಲ್ಪ ಒಳಗೆ. ಅಥವಾ ನಮ್ಮ ಮನೆಗೇ ಬನ್ನಿ, ಓಹೇರ್‌ನಿಂದ ಅಷ್ಟೇ ದೂರ. ಅಮ್ಮನಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿರುತ್ತೇನೆ. ಯಾವ ದಿನ ಅಂತ ತಿಳಿಸಿ.